ತರಂಗಂಬಾಡಿಯ ಮೊಳೆಗಳು

1845ರ ಫೆಬ್ರುವರಿಯಲ್ಲಿ ಡೆನ್ಮಾರ್ಕಿನ ದೊರೆ ಭಾರತದಲ್ಲಿದ್ದ ತನ್ನ ಊರುಗಳನ್ನು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಗೆ ಹನ್ನೆರಡೂವರೆ ಲಕ್ಷ ರೂಪಾಯಿಗೆ ಕ್ರಯ ಮಾಡಿಕೊಟ್ಟ. ಆ ಕ್ರಯದಲ್ಲಿ ಮುಖ್ಯವಾಗಿದ್ದವು ಎರಡು ಊರು. ಒಂದು, ಕಲ್ಕತ್ತೆಯ ಹತ್ತಿರ ಹೂಗ್ಲಿ ನದಿಯ ದಂಡೆಯ ಮೇಲಿರುವ ಶ್ರೀರಾಂಪುರ. ಇನ್ನೊಂದು, ತಮಿಳುನಾಡಿನ ಕಡಲ ದಂಡೆಯ ತರಂಗಂಬಾಡಿ. ಶ್ರೀರಾಂಪುರದ ಹೆಸರನ್ನು ಕನ್ನಡ ಪುಸ್ತಕಗಳ ಇತಿಹಾಸ ಓದಿದವರು ಕೇಳಿಯೇ ಇರುತ್ತಾರೆ. ಪಾದ್ರಿ ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಅಲ್ಲಿ. ತರಂಗಂಬಾಡಿಯ ಹೆಸರು ಮಾತ್ರ ನಮ್ಮ ಕಡೆ ಕೇಳಿಬರುವುದಿಲ್ಲ. ನನಗೂ ಅದು ತಿಳಿದದ್ದು ನನ್ನ ಸೋದರಮಾವನಿಂದ.

ಮಾವ ತುಮಕೂರಿನಲ್ಲಿ ಒಂದು ಚಿಕ್ಕ ಪ್ರೆಸ್ ಇಟ್ಟುಕೊಂಡಿದ್ದವರು. ಒಂದು ಟ್ರೆಡಲ್ ಮೆಷಿನ್ನು, ಗೋಡೆಗೆ ಒರಗಿಸಿದ ಅಚ್ಚುಮೊಳೆಯ ಕೇಸುಗಳು, ಶಾಯಿ ಮತ್ತು ಸೀಮೆಎಣ್ಣೆಯ ವಾಸನೆ. ಬೇಸಿಗೆ ರಜೆಯಲ್ಲಿ ನಾವು ಮಕ್ಕಳು ಅಲ್ಲೇ ಬಿದ್ದಿರುತ್ತಿದ್ದೆವು. ಅಲ್ಲಿ ಅಚ್ಚಾಗುತ್ತಿದ್ದದ್ದು ಮದುವೆ ಕಾಗದ, ವೈಕುಂಠ ಸಮಾರಾಧನೆಯ ಕಾರ್ಡು, ಸಹಕಾರ ಸಂಘದ ರಸೀದಿ ಪುಸ್ತಕ, ಚುನಾವಣೆ ಬಂದರೆ ಕರಪತ್ರ. ಮಾವ ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಅಚ್ಚಿನ ಕೆಲಸದ ಬಗ್ಗೆ ಎಲ್ಲಿ ಏನು ಬರೆದಿದ್ದರೂ ಹುಡುಕಿ ಓದುತ್ತಿದ್ದರು. ಎಪ್ಪತ್ತು ತುಂಬಿದಾಗ ಮಕ್ಕಳು ಭೀಮರಥ ಶಾಂತಿಯನ್ನು ತಿರುಕ್ಕಡೈಯೂರಿನಲ್ಲಿ ಮಾಡಿಸೋಣ ಎಂದರು. ಅರವತ್ತಕ್ಕೆ, ಎಪ್ಪತ್ತಕ್ಕೆ, ಎಂಬತ್ತಕ್ಕೆ ಶಾಂತಿ ಮಾಡಿಸಿಕೊಳ್ಳಲು ದಕ್ಷಿಣದ ಎಲ್ಲ ಕಡೆಯಿಂದ ಜನ ಹೋಗುವ ಕ್ಷೇತ್ರ ಅದು. ಮಾವ ಒಂದೇ ಷರತ್ತು ಹಾಕಿದರು. ಮರುದಿನ ತರಂಗಂಬಾಡಿ ತೋರಿಸಬೇಕು. ಅದು ಕೋವಿಡ್‌ಗೆ ಹಿಂದಿನ ವರ್ಷದ ಮಾತು.

ಮೈಸೂರಿನಿಂದ ಬೆಂಗಳೂರಿನ ಮೇಲೆ ಹಾದು ಮಯಿಲಾಡುತುರೈಗೆ ಹೋಗುವ ರಾತ್ರಿ ರೈಲಿನಲ್ಲಿ ಹೊರಟೆವು. ಬೆಳಕು ಹರಿಯುವ ಹೊತ್ತಿಗೆ ಕುಂಭಕೋಣದ ಆಸುಪಾಸು. ಕಿಟಕಿಯ ಆಚೆ ಗದ್ದೆ, ಬಾಳೆ, ಕಾಲುವೆ, ಮತ್ತೆ ಗದ್ದೆ. ನಮ್ಮ ಕಾವೇರಿ ಅಲ್ಲಿ ನೂರು ಕವಲಾಗಿ ಒಡೆದು ಊರೂರಿಗೂ ಹಂಚಿಹೋಗಿದ್ದಾಳೆ. ತಲಕಾವೇರಿಯಲ್ಲಿ ತುಲಾ ಸಂಕ್ರಮಣದ ದಿನ ತೀರ್ಥೋದ್ಭವ ನೋಡಿದವರಿಗೆ ಒಂದು ಮಾತು ಹೇಳಬೇಕು: ಅದೇ ತುಲಾ ಮಾಸದಲ್ಲಿ ಮಯಿಲಾಡುತುರೈಯ ಕಾವೇರಿ ಘಟ್ಟದಲ್ಲೂ ಸ್ನಾನಕ್ಕೆ ಜನ ಸೇರುತ್ತಾರೆ. ನದಿಯ ಎರಡು ತುದಿಯಲ್ಲಿ ಒಂದೇ ತಿಂಗಳ ಹಬ್ಬ. ಇದನ್ನು ತಿಳಿದಾಗ ಅತ್ತೆ ರೈಲಿನಲ್ಲೇ ಕೈಮುಗಿದರು.

ಶಾಂತಿ ಚೆನ್ನಾಗಿ ನಡೆಯಿತು. ಅದರ ವಿವರ ಇಲ್ಲಿ ಬೇಡ. ಮರುದಿನ ಬೆಳಿಗ್ಗೆ ಇಡ್ಲಿ ತಿಂದು ಕಾರಿನಲ್ಲಿ ಹೊರಟರೆ ತರಂಗಂಬಾಡಿ ಎಂಟೊಂಬತ್ತು ಕಿಲೋಮೀಟರ್.

ಹೆದ್ದಾರಿಯಿಂದ ಕಡಲಿನ ಕಡೆಗೆ ತಿರುಗಿದರೆ ಮೊದಲು ಸಿಗುವುದು ಸುಣ್ಣ ಬಳಿದ ಊರ ಬಾಗಿಲು. 1792ರಲ್ಲಿ ಕಟ್ಟಿದ್ದು, ನೆತ್ತಿಯ ಮೇಲೆ ಡೆನ್ಮಾರ್ಕ್ ರಾಜನ ಮುದ್ರೆ. ಹಿಂದೆ ಊರ ಸುತ್ತ ಕೋಟೆ ಗೋಡೆಯಿತ್ತಂತೆ. ಈಗ ಗೋಡೆಯ ತುಂಡುಗಳಷ್ಟೇ ಉಳಿದಿವೆ, ಬಾಗಿಲು ಗಟ್ಟಿಯಾಗಿದೆ. ಅದರೊಳಗಿಂದಲೇ ಸೈಕಲ್ಲು, ಆಟೋ, ಶಾಲೆಯ ಮಕ್ಕಳು ಓಡಾಡುತ್ತಾರೆ. ಬಾಗಿಲು ದಾಟಿದರೆ ರಾಜಬೀದಿ, ನೇರ ಕಡಲಿಗೆ ಹೋಗಿ ನಿಲ್ಲುತ್ತದೆ. ಉದ್ದಕ್ಕೂ ನಡೆದರೆ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷದಲ್ಲಿ ಇರುವಷ್ಟು ಚರಿತ್ರೆ ಎಷ್ಟೋ ಜಿಲ್ಲಾ ಕೇಂದ್ರಗಳಲ್ಲಿ ಸಿಗುವುದಿಲ್ಲ. ಎಡಬಲದಲ್ಲಿ ಎತ್ತರದ ಕಂಬಗಳ ಬಿಳಿ ಬಂಗಲೆಗಳು, ಒಂದು ಕಡೆ 1701ರ ಜಿಯಾನ್ ಚರ್ಚು, ಎದುರು ಸಾಲಿನಲ್ಲಿ 1718ರ ನ್ಯೂ ಜೆರುಸಲೇಂ ಚರ್ಚು. ಬೀದಿ ಚೊಕ್ಕಟವಾಗಿತ್ತು. ನಮ್ಮನ್ನು ಬಿಟ್ಟರೆ ಪ್ರವಾಸಿಗಳು ಕೆಲವೇ ಜನ.

ಬೀದಿಯ ಕೊನೆಗೆ, ಕಡಲಿಗೆ ಮುಖ ಮಾಡಿ ಡಾನ್ಸ್‌ಬೋರ್ಗ್ ಕೋಟೆ. 1620ರಲ್ಲಿ ತಂಜಾವೂರಿನ ರಘುನಾಥ ನಾಯಕನಿಗೂ ಡೆನ್ಮಾರ್ಕಿನ ರಾಜ ನಾಲ್ಕನೆಯ ಕ್ರಿಶ್ಚಿಯನ್ನನಿಗೂ ಒಪ್ಪಂದವಾಯಿತು. ನೌಕಾ ಅಧಿಕಾರಿ ಊವೆ ಗೆಡ್ಡೆ ಆ ಒಪ್ಪಂದ ಹಿಡಿದು ಇಲ್ಲಿ ಕೋಟೆ ಏಳಿಸಿದ. ನಾಯಕ ದೊರೆ ಡೆನ್ಮಾರ್ಕಿನ ದೊರೆಗೆ ಚಿನ್ನದ ತಗಡಿನ ಮೇಲೆ ಬರೆಸಿ ಕಳಿಸಿದ ಪತ್ರ ಇಂದಿಗೂ ಕೋಪನ್‌ಹೇಗನ್ನಿನಲ್ಲಿದೆ. ಕೋಟೆ ದೊಡ್ಡದಲ್ಲ. ನಮ್ಮ ಚಿತ್ರದುರ್ಗ ನೋಡಿದವರಿಗೆ ಇದೊಂದು ಅಂಗಳ ಅನ್ನಿಸಬಹುದು. ಆದರೆ ಒಳಗೆ ಹೋದರೆ ಕಟ್ಟಿದವರ ಲೆಕ್ಕಾಚಾರ ಕಾಣುತ್ತದೆ. ಕೆಳಗೆ ಉಗ್ರಾಣ, ಸೈನಿಕರ ಕೋಣೆ, ಸೆರೆಮನೆ. ಮೇಲೆ ಅಧಿಕಾರಿಗಳ ವಾಸ. ಮೇಲಿನ ಕೋಣೆಯೊಂದರಲ್ಲಿ ನಡುವೆ ಒಂದೇ ಕಂಬ ನಿಂತು, ಸುತ್ತಲೂ ಕಮಾನಾಗಿ ಬಾಗಿದ ಛಾವಣಿಯ ಭಾರವನ್ನೆಲ್ಲ ಹೊತ್ತಿದೆ. ಹೊರಗೆ ಸುಡುವ ಬಿಸಿಲಿದ್ದರೂ ಒಳಗೆ ತಂಪು, ಕಿಟಕಿಯಿಂದ ಉಪ್ಪುಗಾಳಿ. ಈಗ ಅಲ್ಲೊಂದು ಮ್ಯೂಸಿಯಂ ಇದೆ. ಪಿಂಗಾಣಿ ಚೂರು, ಹಳೆಯ ಪತ್ರ, ನಾಣ್ಯ, ಕತ್ತಿ.

ಈ ಕೋಟೆಯ ಒಂದು ಕತೆ ನನ್ನನ್ನು ಬಹಳ ಹಿಡಿದಿಟ್ಟಿತು. 1640ರ ದಶಕದ ನಡುವಿನಿಂದ 1669ರವರೆಗೆ, ಸುಮಾರು ಇಪ್ಪತ್ತೈದು ವರ್ಷ, ಡೆನ್ಮಾರ್ಕಿನಿಂದ ಇಲ್ಲಿಗೆ ಒಂದೇ ಒಂದು ಹಡಗೂ ಬರಲಿಲ್ಲ. ಅಲ್ಲಿ ಯುದ್ಧ, ದಿವಾಳಿ, ಡೆನ್ಮಾರ್ಕಿನ ವ್ಯಾಪಾರ ಕಂಪನಿಯೇ ಮುಚ್ಚಿಹೋಯಿತು. ಇಲ್ಲಿದ್ದವರು ಒಬ್ಬೊಬ್ಬರಾಗಿ ಸತ್ತರು, ಕೆಲವರು ಬಿಟ್ಟುಹೋದರು. ಕೊನೆಗೆ ಎಸ್ಕಿಲ್ಡ್ ಆಂಡರ್ಸನ್ ಕೊಂಗ್ಸ್‌ಬಾಕ್ಕೆ ಎಂಬ ಸಾಮಾನ್ಯ ಮನುಷ್ಯ ಕೋಟೆಯ ಉಸ್ತುವಾರಿಗೆ ನಿಂತ. ಸ್ಥಳೀಯರ ನೆರವಿನಿಂದ ಊರನ್ನು ಕಾದ, ಬಂಗಾಳ ಕೊಲ್ಲಿಯಲ್ಲಿ ಹಡಗು ಹಿಡಿದು ಹಣ ಕೂಡಿಸಿದ, ಊರ ಸುತ್ತ ಗೋಡೆ ಎಬ್ಬಿಸಿದ. ಕಡೆಗೂ 1669ರಲ್ಲಿ ಹಡಗು ಬಂದಾಗ ಕೋಟೆಯ ಮೇಲೆ ಡೆನ್ಮಾರ್ಕಿನ ಬಾವುಟವೇ ಹಾರುತ್ತಿತ್ತು. ಹಡಗು ಹಿಡಿದದ್ದು ಕಡಲುಗಳ್ಳತನವೇ, ಅದನ್ನು ಬೇರೆ ಹೆಸರಿನಿಂದ ಕರೆಯಲಾಗದು. ಅದೇ ಶತಮಾನದಲ್ಲಿ ಇದೇ ದಂಡೆಯಿಂದ ಬಡವರನ್ನು ಗುಲಾಮರನ್ನಾಗಿ ಹಡಗು ಹತ್ತಿಸಿದ ವಿಷಯವೂ ದಾಖಲೆಯಲ್ಲಿದೆ. ಆ ಬಿಳಿ ಗೋಡೆಗಳನ್ನು ನೋಡುವಾಗ ಇದನ್ನೂ ನೆನಪಿಟ್ಟುಕೊಂಡೇ ನೋಡಬೇಕು.

ಮಾವನಿಗೆ ಇದಾವುದರಲ್ಲೂ ಅಷ್ಟು ಆಸಕ್ತಿಯಿರಲಿಲ್ಲ. "ಆ ಪಾದ್ರಿಯನ್ನ ಇಲ್ಲೇ ಅಲ್ವೇನೇ ಕೂಡಿಹಾಕಿದ್ದು?" ಎಂದು ಕೆಳಗಿನ ಕೋಣೆಗಳ ಬಾಗಿಲಲ್ಲಿ ಬಗ್ಗಿ ನೋಡುತ್ತಿದ್ದರು.

ಆ ಪಾದ್ರಿಯೇ ಬಾರ್ತಲೊಮೇಯಸ್ ಝೀಗನ್‌ಬಾಲ್ಗ್. ಜರ್ಮನಿಯವನು. 1706ರ ಜುಲೈನಲ್ಲಿ, ಇಪ್ಪತ್ನಾಲ್ಕನೆಯ ವಯಸ್ಸಿಗೆ, ಜೊತೆಗಾರ ಪ್ಲೂಟ್‌ಶೌನ ಸಂಗಡ ಇಲ್ಲಿ ಇಳಿದ. ಕಳಿಸಿದವನು ಡೆನ್ಮಾರ್ಕಿನ ರಾಜ. ಆದರೆ ಕೋಟೆಯ ಅಧಿಕಾರಿಗಳಿಗೆ ಅವನು ಬೇಡವಾಗಿದ್ದ. ತಮಿಳು ಮಕ್ಕಳ ಜೊತೆ ನೆಲದ ಮೇಲೆ ಕೂತು, ಮರಳಿನಲ್ಲಿ ಬೆರಳಾಡಿಸಿ ಅಕ್ಷರ ಕಲಿತ. ಓಲೆಗರಿಗಳನ್ನು ಕೂಡಿಹಾಕಿದ. ಊರಿನ ಬಡವರ ಪರ ಮಾತಾಡಿ ಅಧಿಕಾರಿಯ ಸಿಟ್ಟಿಗೆ ಗುರಿಯಾಗಿ ನಾಲ್ಕು ತಿಂಗಳು ಈ ಕೋಟೆಯಲ್ಲೇ ಸೆರೆಯಿದ್ದ. ಬಂದದ್ದು ಮತ ಹರಡಲು, ಅದರಲ್ಲಿ ಸಂಶಯವಿಲ್ಲ. ಆದರೆ ಇಲ್ಲಿನ ದೇವತೆಗಳ ಬಗ್ಗೆ ಇಲ್ಲಿಯವರನ್ನೇ ಕೇಳಿ ಒಂದು ದೊಡ್ಡ ಗ್ರಂಥವನ್ನೇ ಬರೆದ. ಜರ್ಮನಿಯ ಅವನ ಹಿರಿಯರು ಅದನ್ನು ಅಚ್ಚು ಹಾಕಿಸಲಿಲ್ಲ. ಅದು ಬೆಳಕು ಕಂಡದ್ದು 1867ರಲ್ಲಿ, ಮದರಾಸಿನಲ್ಲಿ, ಅವನು ಸತ್ತು ಸುಮಾರು ನೂರೈವತ್ತು ವರ್ಷದ ಮೇಲೆ.

ಅವನಿದ್ದ ಮನೆ 2017ರಿಂದ ಮ್ಯೂಸಿಯಂ ಆಗಿದೆ. ಮಾವ ತುಮಕೂರಿನಿಂದ ಹೊರಟದ್ದೇ ಇದಕ್ಕಾಗಿ. ಒಳಗೆ ಕೈಯಿಂದ ಒತ್ತುವ ಅಚ್ಚುಯಂತ್ರವೊಂದಿದೆ. ಅದರ ಬಳಿ ಒಂದು ತಟ್ಟೆಯಲ್ಲಿ ಕೆಲವು ಮೊಳೆಗಳು. ನೋಡಿಕೊಳ್ಳುತ್ತಿದ್ದ ಹುಡುಗಿಯನ್ನು ಮಾವ ತಮಗೆ ಬಂದಷ್ಟು ತಮಿಳಿನಲ್ಲಿ ಕೇಳಿ ಒಂದು ಮೊಳೆ ಎತ್ತಿಕೊಂಡರು. ಕಣ್ಣಿನಿಂದ ನೋಡುವ ಮೊದಲೇ ಹೆಬ್ಬೆರಳು ಮೊಳೆಯ ಮೈಮೇಲಿನ ಗೀರನ್ನು ಹುಡುಕಿತು. ಆ ಗೀರು ಯಾವ ಕಡೆಗಿದೆ ಎಂದು ತಿಳಿದರೆ ಅಕ್ಷರ ನೆಟ್ಟಗಿದೆಯೋ ತಿರುಗಿದೆಯೋ ನೋಡದೆಯೇ ಗೊತ್ತಾಗುತ್ತದೆ. ಕಂಪೋಸಿಂಗ್ ಮಾಡುವವರು ಕೇಸನ್ನು ನೋಡಿಕೊಂಡು ಕೂರುವುದಿಲ್ಲ, ಕಣ್ಣು ಹಸ್ತಪ್ರತಿಯ ಮೇಲಿರುತ್ತದೆ. ಕಂಪೋಸಿಂಗ್ ಕೋಲಿನಲ್ಲಿ ಜೋಡಿಸಿದ ಸಾಲನ್ನು ಅವರು ಓದುವುದು ತಲೆಕೆಳಗಾಗಿ, ಎಡದಿಂದ ಬಲಕ್ಕೆ. ಮಾವ ಪ್ರೆಸ್ ಮುಚ್ಚಿ ಇಪ್ಪತ್ತು ವರ್ಷದ ಮೇಲಾಗಿತ್ತು. ಬೆರಳು ಮರೆತಿರಲಿಲ್ಲ.

ಇಲ್ಲಿಗೆ ಮೊಳೆ ಬಂದ ಕತೆಯನ್ನು ಮಾವ ಅಲ್ಲೇ ನಿಂತು ಹೇಳಿದರು. ತಮಿಳು ಅಚ್ಚಾದದ್ದು ಅದಕ್ಕೂ ಮೊದಲೇ. 1578ರಲ್ಲೇ ಕೊಲ್ಲಂನಲ್ಲಿ ಜೆಸ್ವಿಟರು ಒಂದು ಪುಸ್ತಕ ಅಚ್ಚು ಹಾಕಿದ್ದರು. ಆಮೇಲೆ ಆ ಕೆಲಸ ನಿಂತುಹೋಗಿತ್ತು. ಝೀಗನ್‌ಬಾಲ್ಗ್‌ಗೆ ಲಂಡನ್ನಿನ ಒಂದು ಧರ್ಮಸಂಸ್ಥೆ ಅಚ್ಚುಯಂತ್ರ ಕಳಿಸಿತು. ಹಡಗು ದಾರಿಯಲ್ಲಿ ಫ್ರೆಂಚರ ಕೈಗೆ ಸಿಕ್ಕಿತು, ಬಿಡಿಸಿಕೊಂಡು ಬರಬೇಕಾಯಿತು. ಜೊತೆಗೆ ಬರುತ್ತಿದ್ದ ಮುದ್ರಕ ದಾರಿಯಲ್ಲೇ ತೀರಿಹೋದ. ಯಂತ್ರ ಬಂತು, ನಡೆಸುವವನಿಲ್ಲ. ಹುಡುಕಿದಾಗ ಕೋಟೆಯ ಸಿಪಾಯಿಗಳಲ್ಲೇ ಒಬ್ಬನಿಗೆ ಆ ಕೆಲಸ ಗೊತ್ತಿತ್ತು. ತಮಿಳು ಮೊಳೆಯನ್ನು ಜರ್ಮನಿಯ ಹಾಲೆ ಎಂಬ ಊರಿನಲ್ಲಿ ಎರಕ ಹೊಯ್ಯಿಸಿ ಕಳಿಸಿದರು. ಅವು ತೀರ ದಪ್ಪ. ಒಂದು ಪುಟಕ್ಕೆ ನಾಲ್ಕು ಮಾತು ಹಿಡಿಸುವುದೇ ಕಷ್ಟ, ಕಾಗದವೆಲ್ಲ ಮುಗಿಯತೊಡಗಿತು. ಆಗ ಇಲ್ಲಿಯೇ ಸಣ್ಣ ಮೊಳೆ ಎರಕ ಹೊಯ್ದರು. ಅದಕ್ಕೆ ಬೇಕಾದ ಸೀಸ, ಇಂಗ್ಲೆಂಡಿನಿಂದ ಚೀಸ್ ಸುತ್ತಿ ಬರುತ್ತಿದ್ದ ಸೀಸದ ಹೊದಿಕೆ ಕರಗಿಸಿದ್ದು ಎಂದು ಹೇಳುತ್ತಾರೆ. ಪಕ್ಕದ ಪೊರೆಯಾರಿನಲ್ಲಿ ಕಾಗದದ ಕಾರ್ಖಾನೆಯನ್ನೂ ಹೂಡಿದರು. 1714–15ರಲ್ಲಿ ತಮಿಳಿನ ಹೊಸ ಒಡಂಬಡಿಕೆ ಅಚ್ಚಾಗಿ ಹೊರಬಂತು. ಭಾರತದ ಭಾಷೆಯೊಂದರಲ್ಲಿ ಅದೇ ಮೊದಲು.

"ತಮಿಳಿಗೆ ನಮ್ಮ ಹಾಗೆ ಒತ್ತಕ್ಷರದ ಕಾಟ ಇಲ್ಲ ಕಣೇ," ಎಂದರು ಮಾವ. "ನಮ್ಮದರಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕಕ್ಕೆ ದೀರ್ಘ. ಒಂದು 'ಸ್ತ್ರೀ' ಜೋಡಿಸೋಕೆ ಎಷ್ಟು ಮೊಳೆ ಹುಡುಕಬೇಕು ಗೊತ್ತೇ? ಕೇರಿ ಸಾಹೇಬರ ಹತ್ತಿರ ಎರಕ ಹೊಯ್ದವರು ಯಾರೋ, ಅವರಿಗೆ ಎರಡೂ ಕೈ ಎತ್ತಿ ಮುಗೀಬೇಕು."

ಕೇರಿ ಶ್ರೀರಾಂಪುರಕ್ಕೆ ಹೋದದ್ದೂ ಡೆನ್ಮಾರ್ಕಿನ ಬಾವುಟದ ನೆರಳಿಗಾಗಿ. ಇಂಗ್ಲಿಷ್ ಕಂಪನಿ ತನ್ನ ನೆಲದಲ್ಲಿ ಪಾದ್ರಿಗಳಿಗೆ ಆಸ್ಪದ ಕೊಡುತ್ತಿರಲಿಲ್ಲ. ಹಾಗಾಗಿ 1800ರಲ್ಲಿ ಕೇರಿ ಮತ್ತು ಅವನ ಜೊತೆಗಾರರು ಡೇನರ ಊರಿನಲ್ಲಿ ನೆಲೆ ನಿಂತರು, ಅಚ್ಚುಕೂಟ ತೆರೆದರು, ಭಾರತದ ಹಲವಾರು ಭಾಷೆಗಳಿಗೆ ಮೊಳೆ ಹೊಯ್ಯಿಸಿದರು. ಅವುಗಳಲ್ಲಿ ಕನ್ನಡವೂ ಒಂದು. ತರಂಗಂಬಾಡಿಯಲ್ಲಿ ಒಂದು ಶತಮಾನ ಮೊದಲು ಶುರುವಾದ ಕೆಲಸವನ್ನೇ ಅವರು ಅಲ್ಲಿ ದೊಡ್ಡದಾಗಿ ಮಾಡಿದರು. ಇನ್ನು ಮಂಗಳೂರಿನ ಬಾಸೆಲ್ ಮಿಷನ್ನಿನ ಅಚ್ಚುಕೂಟ ಆರಂಭವಾದದ್ದು 1841ರಲ್ಲಿ. 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಹೊರಟದ್ದು 1843ರಲ್ಲಿ, ಡೇನರು ಈ ಊರು ಮಾರುವುದಕ್ಕೆ ಎರಡು ವರ್ಷ ಮುಂಚೆ. ಕನ್ನಡದ ಅಚ್ಚಿನ ವಂಶಾವಳಿ ಬರೆಯುವವರು ಬಳ್ಳಾರಿ, ಮಂಗಳೂರು, ಶ್ರೀರಾಂಪುರಕ್ಕೆ ನಿಲ್ಲಿಸುತ್ತಾರೆ. ಇನ್ನೊಂದು ಹೆಜ್ಜೆ ಹಿಂದೆ ಹೋದರೆ ಈ ಬೀದಿಗೆ ಬರಬೇಕು. ಇದು ನನ್ನ ದೃಢವಾದ ಅಭಿಪ್ರಾಯ.

ಕನ್ನಡ ನಾಡಿಗೂ ಈ ಊರಿಗೂ ಇನ್ನೊಂದು ನಂಟಿದೆ. 1750ರಲ್ಲಿ ಇಲ್ಲಿಗೆ ಬಂದಿಳಿದ ಕ್ರಿಶ್ಚಿಯನ್ ಫ್ರೆಡರಿಕ್ ಶ್ವಾರ್ಟ್ಸ್ ಎಂಬ ಪಾದ್ರಿ 1779ರಲ್ಲಿ ಮದರಾಸಿನ ಇಂಗ್ಲಿಷರ ಪರವಾಗಿ ಸಂಧಾನಕ್ಕೆಂದು ಶ್ರೀರಂಗಪಟ್ಟಣಕ್ಕೆ ಹೋಗಿ ಹೈದರ್ ಅಲಿಯನ್ನು ಕಂಡ. ಸಂಧಾನ ಫಲಿಸಲಿಲ್ಲ, ಮರುವರ್ಷ ಯುದ್ಧವೇ ಆಯಿತು. ದಾರಿಖರ್ಚಿಗೆಂದು ಹೈದರ್ ಕೊಟ್ಟ 300 ರೂಪಾಯಿಯನ್ನು ಶ್ವಾರ್ಟ್ಸ್ ಇಟ್ಟುಕೊಳ್ಳಲಿಲ್ಲ. ತಂಜಾವೂರಿನಲ್ಲಿ ಮಕ್ಕಳ ಶಾಲೆಗೆ ಕೊಟ್ಟ. ಮೈಸೂರಿನ ದುಡ್ಡು ತಂಜಾವೂರಿನ ಮಕ್ಕಳಿಗೆ ಪಾಠ ಹೇಳಿಸಿತು.

ಮಧ್ಯಾಹ್ನ ಊಟ ಮುಗಿಸಿ ನ್ಯೂ ಜೆರುಸಲೇಂ ಚರ್ಚಿಗೆ ಹೋದೆವು. ಝೀಗನ್‌ಬಾಲ್ಗ್‌ನನ್ನು ಹೂಳಿರುವುದು ಅಲ್ಲೇ, ಪೂಜಾವೇದಿಕೆಯ ಎದುರು. ಚರ್ಚು ಮುಗಿದ ಮರುವರ್ಷವೇ, 1719ರಲ್ಲಿ, ತೀರಿಕೊಂಡ. ವಯಸ್ಸು ಮೂವತ್ತಾರು. ಮಾವ ಚಪ್ಪಲಿ ಬಿಟ್ಟು ಒಳಗೆ ಹೋಗಿ ಬಹಳ ಹೊತ್ತು ನಿಂತರು. ಹಿಂದಿನ ದಿನ ತಿರುಕ್ಕಡೈಯೂರಿನ ಅಮೃತಘಟೇಶ್ವರನ ಎದುರು ನಿಂತಷ್ಟೇ ಭಕ್ತಿ ಅವರ ಮುಖದಲ್ಲಿತ್ತು. ಅತ್ತೆಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಅವರಿಗೆ ಬೇಕಾಗಿದ್ದುದು ಕಡಲ ಅಂಚಿನ ಮಾಸಿಲಾಮಣಿನಾಥ ದೇವಸ್ಥಾನ.

ಅದು ಡೇನರಿಗಿಂತ ಮುನ್ನೂರು ವರ್ಷ ಹಿರಿದು. 1306ರಲ್ಲಿ ಮಾರವರ್ಮನ್ ಕುಲಶೇಖರ ಪಾಂಡ್ಯನ ಕಾಲದ್ದು. ಡೇನರು ಬರುವ ಮೊದಲೇ ಇದು ವ್ಯಾಪಾರದ ಊರು ಎಂಬುದಕ್ಕೆ ಈ ಗುಡಿಯೇ ಸಾಕ್ಷಿ. ಕಡಲು ವರ್ಷವರ್ಷವೂ ಒಳಗೆ ಬಂದು ಗುಡಿಯ ಮುಂಭಾಗವನ್ನು ಕೊಂಡುಹೋಗಿದೆ. ಈಗ ದೊಡ್ಡ ಬಂಡೆಗಳನ್ನು ಸುರಿದು ತಡೆ ಹಾಕಿದ್ದಾರೆ. ಅಲೆ ಆ ಬಂಡೆಗಳಿಗೆ ಬಡಿದಾಗ ಹನಿ ನಮ್ಮ ಮೇಲೂ ಬಿತ್ತು. ಅತ್ತೆ ಅಲ್ಲೇ ನಿಂತು ಪೂರ್ವಕ್ಕೆ ನಮಸ್ಕಾರ ಮಾಡಿದರು. ಉತ್ತರಕ್ಕೆ ಸ್ವಲ್ಪ ದೂರದ ಪೂಂಪುಹಾರಿನಲ್ಲಿ ಕಾವೇರಿ ಇದೇ ಕಡಲನ್ನು ಸೇರುತ್ತಾಳೆ.

ಆ ತೀರದಲ್ಲಿ ಮಾತಿಗೆ ಸಿಕ್ಕ ಹಿರಿಯ ಮೀನುಗಾರರೊಬ್ಬರು ಬಲೆಯ ಹರುಕು ಹೊಲಿಯುತ್ತಿದ್ದರು. 2004ರ ಡಿಸೆಂಬರ್ 26ರ ಬೆಳಿಗ್ಗೆ ನೀರು ಎಲ್ಲಿಯವರೆಗೆ ಬಂತು ಎಂದು ಕೈ ತೋರಿಸಿದರು. ನಮ್ಮ ಬೆನ್ನ ಹಿಂದೆ, ಬೀದಿಯೊಳಗೆ. ಆಗ ತರಂಗಂಬಾಡಿ ನಾಗಪಟ್ಟಿಣಂ ಜಿಲ್ಲೆಯಲ್ಲಿತ್ತು. ಆ ಜಿಲ್ಲೆಯೊಂದರಲ್ಲೇ ಸುನಾಮಿಗೆ 6,000ಕ್ಕೂ ಹೆಚ್ಚು ಜನ ಬಲಿಯಾದರು. ಸತ್ತವರಲ್ಲಿ ಹೆಚ್ಚಿನವರು ದಂಡೆಯ ಮೇಲೆ ಗುಡಿಸಲು ಕಟ್ಟಿಕೊಂಡಿದ್ದ ಮೀನುಗಾರರ ಮನೆಯವರು. ಆಮೇಲೆ ದೂರದಲ್ಲಿ ಅವರಿಗೆ ಹೊಸ ಮನೆಗಳಾದವು. ಅವರು ದುಡಿಯಲು ಬರುವುದು ಮಾತ್ರ ಇಲ್ಲಿಗೇ. ತಮ್ಮ ಮನೆಯವರ ವಿಷಯ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಅತ್ತೆ ಚೀಲದಲ್ಲಿದ್ದ ಪ್ರಸಾದದ ಪೊಟ್ಟಣ ತೆಗೆದು ಅವರ ಕೈಗಿಟ್ಟರು.

ಸುನಾಮಿಯ ನಂತರವೇ ಈ ಊರಿನ ಹಳೆಯ ಮನೆಗಳಿಗೂ ಜೀವ ಬಂದದ್ದು. ಡೆನ್ಮಾರ್ಕಿನ ನೆರವು, ಇಂಟ್ಯಾಕ್ ಸಂಸ್ಥೆಯ ಕೆಲಸ. ಅಕ್ಕಸಾಲಿಗರ ಬೀದಿಯ ತಮಿಳು ಮನೆಗಳನ್ನು ಮರದ ಕಂಬ, ಜಗಲಿ, ನಾಡಹೆಂಚು ಸಮೇತ ಇದ್ದಂತೆ ಎತ್ತಿ ನಿಲ್ಲಿಸಿದ್ದಾರೆ. ನನಗೆ ಕೋಟೆಗಿಂತಲೂ ಹೆಚ್ಚು ಹಿಡಿಸಿದ್ದು ಈ ಬೀದಿ. ದೊರೆಗಳ ಬಂಗಲೆ ಉಳಿಸಲು ಎಲ್ಲರೂ ಮುಂದೆ ಬರುತ್ತಾರೆ. ಅಕ್ಕಸಾಲಿಗನ ಜಗಲಿಯನ್ನು ಅಷ್ಟೇ ಮುತುವರ್ಜಿಯಿಂದ ಉಳಿಸಬೇಕೆಂದು ತೋರಿದ್ದು ದೊಡ್ಡ ಸಂಗತಿ. ಬಸ್ರೂರಿನಲ್ಲಿ, ಬಾರ್ಕೂರಿನಲ್ಲಿ, ಭಟ್ಕಳದ ಹಳೆಯ ಬೀದಿಗಳಲ್ಲಿ ನಮಗೂ ಇಂಥ ಮನೆಗಳಿವೆ, ಅಂಥ ಕೈಗಳು ಬೇಕಾಗಿವೆ.

ಇಂಗ್ಲಿಷರು ಕೊಂಡ ಮೇಲೆ ಊರು ಇಳಿಮುಖವಾಯಿತು. ರೈಲು ಬೇರೆ ಊರಿಗೆ ಹೋಯಿತು, ವ್ಯಾಪಾರ ನಾಗಪಟ್ಟಿಣಕ್ಕೆ ಹೋಯಿತು. ತಡವಾಗಿ ಮಯಿಲಾಡುತುರೈಯಿಂದ ಇಲ್ಲಿಗೊಂದು ಕವಲು ಹಳಿ ಹಾಕಿದರು; ಅದೂ 1980ರ ದಶಕದಲ್ಲಿ ನಿಂತಿತು. ಯಾರಿಗೂ ಬೇಡವಾದದ್ದರಿಂದಲೇ ಈ ಊರು ಉಳಿದುಕೊಂಡಿತು ಎಂದು ನನಗೆ ಅನ್ನಿಸಿದೆ.

ವಾಪಸ್ಸು ಬರುವಾಗ ಕಾರಿನಲ್ಲಿ ಮಾವ ತಮ್ಮ ಪ್ರೆಸ್ಸಿನ ಮಾತೆತ್ತಿದರು. ತೊಂಬತ್ತರ ದಶಕದಲ್ಲಿ ಡಿಟಿಪಿ ಬಂತು, ಆಫ್‌ಸೆಟ್ ಬಂತು, ಮದುವೆ ಕಾಗದಕ್ಕೂ ಗಿರಾಕಿಗಳು ಬರಲಿಲ್ಲ. ಟ್ರೆಡಲ್ಲನ್ನು ಗುಜರಿಗೆ ಹಾಕಿದರು. ಮೊಳೆಗಳನ್ನು ಚೀಲದಲ್ಲಿ ತುಂಬಿ ತೂಕಕ್ಕೆ ಕೊಟ್ಟರು. ಸೀಸಕ್ಕೆ ಒಳ್ಳೆಯ ಬೆಲೆಯಿತ್ತು. "ಎಲ್ಲ ಪ್ರೆಸ್ಸಿನವರೂ ಹಾಗೇ ಮಾಡಿದ್ರು. ಕರಗಿಸಿ ಬ್ಯಾಟರಿಗೋ ಇನ್ನೇನಕ್ಕೋ ಹಾಕಿಕೊಂಡಿರಬೇಕು. ಇಲ್ಲಿ ನೋಡೇ, ಚೀಸಿನ ಹೊದಿಕೆ ಕರಗಿಸಿ ಅಕ್ಷರ ಮಾಡಿದ್ರು" ಎಂದರು.

ತಿರುಕ್ಕಡೈಯೂರಿಗೆ ಶಾಂತಿಗೆಂದು ಹೋಗುವವರು ಅರ್ಧ ದಿನ ಹೆಚ್ಚಿಟ್ಟುಕೊಂಡು ತರಂಗಂಬಾಡಿ ನೋಡಿ ಬನ್ನಿ. ನೆತ್ತಿಯ ಬಿಸಿಲು ಏರುವ ಮೊದಲು ಕೋಟೆ ಮುಗಿಸಿ, ಆಮೇಲೆ ಝೀಗನ್‌ಬಾಲ್ಗ್‌ನ ಮನೆಯ ಮ್ಯೂಸಿಯಂ ನಿಧಾನವಾಗಿ ನೋಡಿ. ಅದಕ್ಕಿಂತ ಮುಖ್ಯವಾದ ಕೋರಿಕೆ ಇನ್ನೊಂದಿದೆ. ನಿಮ್ಮ ಊರಿನ ಹಳೆಯ ಪ್ರೆಸ್ಸಿನಲ್ಲಿ, ಅಜ್ಜನ ಅಟ್ಟದಲ್ಲಿ, ಮಠದ ಉಗ್ರಾಣದಲ್ಲಿ ಕನ್ನಡ ಮೊಳೆಗಳ ಕೇಸು ಇನ್ನೂ ಉಳಿದಿದ್ದರೆ ದಯವಿಟ್ಟು ತೂಕಕ್ಕೆ ಹಾಕಬೇಡಿ. ಊರಿನ ಶಾಲೆಗೋ ಗ್ರಂಥಾಲಯಕ್ಕೋ ಕೊಡಿ, ಜೊತೆಗೆ ಮೊಳೆ ಜೋಡಿಸಿ ಗೊತ್ತಿರುವ ಹಿರಿಯರೊಬ್ಬರನ್ನು ಕರೆದು ಮಕ್ಕಳಿಗೆ ಒಂದು ಸಾಲು ಜೋಡಿಸಿ ತೋರಿಸಲು ಹೇಳಿ. ಆ ಕೆಲಸ ಬಲ್ಲವರು ಈಗ ಎಪ್ಪತ್ತು ದಾಟಿದ್ದಾರೆ.